ಎಣಿಸುವ ಯಂತ್ರ, ಇಳಿಯುವ ಸ್ವರ

ತಂಬೂರಿಯ ಮಂದ್ರದ ತಂತಿಯನ್ನು ಮೀಟಿ ಕಿವಿಗೊಟ್ಟರೆ, ಯಾರೂ ನುಡಿಸದ ಅಂತರ ಗಾಂಧಾರವೂ ಮೆಲ್ಲಗೆ ಕೇಳಿಸುತ್ತದೆಂಬುದು ಸಂಗೀತ ಬಲ್ಲವರಿಗೆ ಹೊಸ ಮಾತಲ್ಲ. ತಂತಿಯು ಮೂಲಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದಲ್ಲಿಯೂ ಕಂಪಿಸುವುದೇ ಇದಕ್ಕೆ ಕಾರಣ. ಇದು ಮೇಲಕ್ಕೇರುವ ಮೆಟ್ಟಿಲು. ಹಾಗಾದರೆ ಕೆಳಕ್ಕಿಳಿಯುವ ಮೆಟ್ಟಿಲು ಉಂಟೆ? ಮೂಲಸ್ವರದ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಪಾಲಿನ ಸ್ವರಗಳು ಮೀಟಿದ ತಂತಿಯಲ್ಲಿ ಸಾಮಾನ್ಯವಾಗಿ ತಾವಾಗಿ ಹುಟ್ಟುವುದಿಲ್ಲ. ಅವನ್ನು ಹುಟ್ಟಿಸಲು ಎಣಿಸಬಲ್ಲ ಒಂದು ಯಂತ್ರ ಬೇಕಾಯಿತು. ಅದೇ ಆವೃತ್ತಿ ವಿಭಾಜಕ.

ಅದರ ಕೆಲಸ ಸರಳವಾದುದು. ಬಂದ ಮಿಡಿತಗಳನ್ನು ಎಣಿಸುತ್ತ, ಇಷ್ಟಕ್ಕೊಂದರಂತೆ ಹೊರಬಿಡುವುದು. ಸೆಕೆಂಡಿಗೆ 600 ಕಂಪನಗಳ ಸ್ವರವನ್ನು ಷಡ್ಜವೆಂದು ಭಾವಿಸೋಣ. ಎರಡರಿಂದ ಭಾಗಿಸಿದರೆ 300, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೂರರಿಂದ ಭಾಗಿಸಿದರೆ 200. ಅದು ಶುದ್ಧ ಮಧ್ಯಮ. ನಾಲ್ಕರಿಂದಾದರೆ 150, ಮತ್ತೆ ಷಡ್ಜ. ಐದರಿಂದಾದರೆ 120, ಶುದ್ಧ ಧೈವತ. ಏರುವ ಮೆಟ್ಟಿಲು ಪಂಚಮವನ್ನೂ ಅಂತರ ಗಾಂಧಾರವನ್ನೂ ಕೊಟ್ಟರೆ, ಇಳಿಯುವ ಮೆಟ್ಟಿಲು ಅವುಗಳ ಪ್ರತಿಬಿಂಬಗಳಾದ ಮಧ್ಯಮವನ್ನೂ ಧೈವತವನ್ನೂ ಕೊಡುತ್ತದೆ.

ಈ ಇಳಿಕೆಯ ಸೊಬಗನ್ನು ಮೊದಲು ಆಳವಾಗಿ ಶೋಧಿಸಿದವರಲ್ಲಿ ಜರ್ಮನಿಯ ಆಸ್ಕರ್ ಸಾಲಾ ಪ್ರಮುಖರು. ಫ್ರೀಡ್ರಿಕ್ ಟ್ರೌಟ್‌ವೈನ್ 1930ರಲ್ಲಿ ಬರ್ಲಿನ್ನಿನಲ್ಲಿ ಪರಿಚಯಿಸಿದ ಟ್ರೌಟೋನಿಯಂ ವಾದ್ಯವನ್ನು ಅವರು ಬೆಳೆಸಿ, ಒಂದೇ ತಂತಿಯನ್ನು ಒತ್ತಿದಾಗ ಕೆಳಸ್ವರಗಳ ಗೊಂಚಲೇ ಮೊಳಗುವಂತೆ ಮಾಡಿದರು. ಹಿಚ್‌ಕಾಕ್ ಅವರ 1963ರ 'ದಿ ಬರ್ಡ್ಸ್' ಚಿತ್ರದಲ್ಲಿ ಹಕ್ಕಿಗಳ ಭೀಕರ ಕೂಗಿಗೆ ಬಳಕೆಯಾದುದು ಈ ವಾದ್ಯವೇ.

ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸಿಕೊಳ್ಳುವ ಮಾಡ್ಯುಲರ್ ಸಿಂಥಸೈಜರ್ 1960ರ ದಶಕದಲ್ಲಿ ಬಂದಮೇಲೆ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿ ಒಂದು ಘಟಕವು ಮತ್ತೊಂದನ್ನು ವಿದ್ಯುತ್ತಿನ ಒತ್ತಡದಿಂದ, ಅಂದರೆ ವೋಲ್ಟೇಜಿನಿಂದ, ಆಳುತ್ತದೆ. ಭಾಜಕ ಸಂಖ್ಯೆಯನ್ನೂ ಹೀಗೆಯೇ ಆಳಬಹುದು. ಸರ್ಜ್ ಚೆರೆಪ್ನಿನ್ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಆರಂಭಿಸಿದ ವಾದ್ಯಶ್ರೇಣಿಯಲ್ಲಿ ಇಂಥ ಘಟಕವಿದೆ. ವೋಲ್ಟೇಜು ನಯವಾಗಿ ಏರಿದರೂ ಸ್ವರ ಜಾರುವುದಿಲ್ಲ. ಎರಡು, ಮೂರು, ನಾಲ್ಕು ಎಂದು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತದೆ. ಗಮಕಕ್ಕೆ ಇಲ್ಲಿ ಎಡೆಯಿಲ್ಲ, ಆದರೆ ಅಪಸ್ವರವೂ ಸುಲಭವಾಗಿ ನುಸುಳದು. ಪ್ರತಿ ಹೆಜ್ಜೆಯೂ ಮೂಲಸ್ವರದೊಡನೆ ಪೂರ್ಣಸಂಖ್ಯೆಯ ನಂಟನ್ನು ಉಳಿಸಿಕೊಂಡಿರುತ್ತದೆ.

ಬಳಸುವ ಬಗೆ ಹೀಗೆ. ಒಂದು ಆಂದೋಲಕದ ಧ್ವನಿಯನ್ನು ಕವಲೊಡೆಸಿ, ಒಂದು ಕವಲನ್ನು ನೇರವಾಗಿ, ಉಳಿದ ಎರಡನ್ನು ಎರಡು ವಿಭಾಜಕಗಳ ಮೂಲಕ ಹರಿಸಿ ಕೊನೆಗೆ ಬೆರೆಸಬೇಕು. ವಿಭಾಜಕದಿಂದ ಹೊರಡುವ ನಾದ ಒರಟು. ಅದನ್ನು ಫಿಲ್ಟರಿನಿಂದ ಮೃದುಗೊಳಿಸುವುದು ಒಳ್ಳೆಯದು. ನಿಧಾನವಾಗಿ ಬದಲಾಗುವ ವೋಲ್ಟೇಜೊಂದನ್ನು ವಿಭಾಜಕಗಳಿಗೆ ಕೊಟ್ಟರೆ, ಮೇಲಿನ ಸ್ವರ ನಿಂತಿರುವಂತೆಯೇ ಕೆಳಗಿನ ನೆಲ ಕದಲುತ್ತದೆ.

ಇದೇ ಯಂತ್ರಕ್ಕೆ ನಿಧಾನದ ಮಿಡಿತಗಳನ್ನು ಕೊಡಿ: ಸ್ವರ ಹೋಗಿ ಲಯ ಬರುತ್ತದೆ. ಒಂದು ವಿಭಾಜಕ ಮೂರಕ್ಕೊಮ್ಮೆ, ಇನ್ನೊಂದು ನಾಲ್ಕಕ್ಕೊಮ್ಮೆ ಬಡಿದರೆ, ಎರಡೂ ಕೂಡುವುದು ಹನ್ನೆರಡು ಮಿಡಿತಗಳಿಗೊಮ್ಮೆ. ನಡುವೆ ಸಂಖ್ಯೆಯನ್ನು ಬದಲಿಸಿದರೆ ಆ ಕೂಡುವ ತಾಣ ತಪ್ಪಿಹೋಗಬಹುದು. ಅನೇಕ ವಿಭಾಜಕಗಳಲ್ಲಿ ಎಣಿಕೆಯನ್ನು ಮೊದಲಿನಿಂದ ಆರಂಭಿಸುವ ದ್ವಾರವೊಂದಿರುವುದು ಇದಕ್ಕಾಗಿಯೇ. ಆವರ್ತದ ಆದಿಯಲ್ಲಿ ಅಲ್ಲಿಗೊಂದು ಮಿಡಿತ ಮುಟ್ಟಿಸಿದರೆ ಎಲ್ಲವೂ ಸಮಕ್ಕೆ ಮರಳುತ್ತವೆ.

ಶ್ರುತಿಯೂ ಲಯವೂ ಒಂದೇ ಎಣಿಕೆಯ ಎರಡು ವೇಗಗಳೆಂಬುದನ್ನು ಕಿವಿಗೆ ಮನಗಾಣಿಸುವುದೇ ಈ ಪುಟ್ಟ ಯಂತ್ರದ ಹಿರಿಮೆ. ಆದರೆ ಅದು ಎಣಿಸಬಲ್ಲದು, ಅಷ್ಟೇ. ಯಾವ ಸಂಖ್ಯೆಯ ಮೇಲೆ ನಿಲ್ಲಬೇಕು, ಎಷ್ಟು ಹೊತ್ತು ಅಲೆದು ಯಾವಾಗ ಸಮಕ್ಕೆ ಮರಳಬೇಕು ಎಂಬುದನ್ನು ನುಡಿಸುವವರೇ ಅರಿಯಬೇಕು.