ಮುಳ್ಳಯ್ಯನಗಿರಿ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಸುತ್ತಣ ಸೀಮೆ ಮಳೆ ಕಡಿಮೆಯಾದ ಬಯಲುನಾಡು. ಇಲ್ಲಿ ನೀರಿನ ಬೆಲೆಯನ್ನು ಮಕ್ಕಳೂ ಬಲ್ಲರು. ಈ ತಾಲ್ಲೂಕಿನಲ್ಲಿ ಹರಿಯುವ ವೇದಾವತಿ ನದಿಯ ಮೂಲವನ್ನರಸಿ ನೈಋತ್ಯ ದಿಕ್ಕಿಗೆ ನಡೆದರೆ ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತಶ್ರೇಣಿ ಎದುರಾಗುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇರುವುದು ಈ ಶ್ರೇಣಿಯಲ್ಲಿಯೇ. ಅದರ ಎತ್ತರ ಸುಮಾರು 1,930 ಮೀಟರುಗಳು.

ಉನ್ನತ ಶಿಖರಗಳು ಎಲ್ಲ ದೇಶಗಳಲ್ಲಿಯೂ ಮಾನವನನ್ನು ಆಕರ್ಷಿಸಿವೆ. ಯೂರೋಪಿನ ಆಲ್ಪ್ಸ್ ಪರ್ವತಗಳ ಹಿಮಶಿಖರಗಳಿಗೆ ಜನರು ಬಹುಕಾಲ ಅಂಜುತ್ತಿದ್ದರು. 1760ರಲ್ಲಿ ಸೋಸ್ಯೂರ್ ಎಂಬ ವಿಜ್ಞಾನಿಯು ಮಾಂಟ್ ಬ್ಲಾಂಕ್ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದನು. 1786ರ ಆಗಸ್ಟ್ 8ರಂದು ಬಾಲ್ಮಾ ಮತ್ತು ವೈದ್ಯನಾದ ಪಕಾರ್ ಅದರ ನೆತ್ತಿಯನ್ನು ಮುಟ್ಟಿದರು. ಮರುವರ್ಷ ಸೋಸ್ಯೂರನೂ ಉಪಕರಣಗಳೊಡನೆ ಏರಿ ಅಲ್ಲಿನ ವಾಯುವಿನ ಒತ್ತಡವನ್ನು ಅಳೆದನು.

ನಮ್ಮ ಗಿರಿಗೆ ಜನರನ್ನು ಕರೆದುದು ಭಕ್ತಿ. ಮುಳ್ಳಪ್ಪಸ್ವಾಮಿ ಎಂಬ ತಪಸ್ವಿಯು ಇಲ್ಲಿನ ಗುಹೆಯಲ್ಲಿ ಧ್ಯಾನಮಗ್ನನಾಗಿದ್ದನೆಂದು ಪ್ರತೀತಿ. ಶಿಖರದ ಮೇಲೆ ಅವನ ಗದ್ದುಗೆಯ ಗುಡಿಯಿದೆ. ಗಿರಿಗೆ ಹೆಸರು ಬಂದುದೂ ಅವನಿಂದಲೇ. ಸರ್ಪದಾರಿ ಎಂಬ ಅಂಕುಡೊಂಕಾದ ಕಾಲುದಾರಿಯಲ್ಲಿ ಚಾರಣಿಗರು ಇಂದಿಗೂ ಗಿರಿಯನ್ನೇರುತ್ತಾರೆ. ವಾಹನದಲ್ಲಿ ಬಂದವರು ಕೊನೆಗೆ ಮೆಟ್ಟಿಲುಗಳನ್ನು ಹತ್ತಬೇಕು.

ಏರುವವನ ಕಣ್ಣಿಗೆ ಮೊದಲು ಬೀಳುವುದು ಹುಲ್ಲುಗಾವಲು. ಕಣಿವೆಗಳ ಮಡಿಲಿನಲ್ಲಿ ದಟ್ಟವಾದ ಶೋಲಾ ಕಾಡುಗಳಿವೆ. ಈ ಹುಲ್ಲು, ಈ ಕಾಡಿನ ತರಗೆಲೆ ಮಳೆನೀರನ್ನು ಹೀರಿ ಹಿಡಿದಿಟ್ಟು, ಮಳೆ ನಿಂತ ಮೇಲೂ ಮೆಲ್ಲಮೆಲ್ಲನೆ ತೊರೆಗಳಿಗೆ ಬಿಡುತ್ತವೆ. ಶ್ರೇಣಿಯ ಪೂರ್ವದ ಇಳಿಜಾರುಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಈ ನದಿಗೆ ಅಡ್ಡಲಾಗಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಬಯಲುನಾಡಿಗೆ ಪ್ರತಿಯೊಂದು ಹನಿಯೂ ಎಷ್ಟು ಅಮೂಲ್ಯವೆಂಬುದಕ್ಕೆ ಇದೇ ಸಾಕ್ಷಿ.

ಹೀಗಿರುವಾಗ ಹುಲ್ಲಿಗೆ ಬೆಂಕಿಯಿಡುವುದು, ದಾರಿ ಬಿಟ್ಟು ಇಳಿಜಾರನ್ನು ತುಳಿಯುವುದು, ಪ್ಲಾಸ್ಟಿಕ್ಕನ್ನು ಬಿಸಾಡುವುದು ಸಣ್ಣ ತಪ್ಪುಗಳಲ್ಲ. ಹುಲ್ಲಿನ ಹೊದಿಕೆ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಮಳೆನೀರು ನೆಲಕ್ಕಿಳಿಯದೆ ಒಮ್ಮೆಲೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ತೊರೆ ಬತ್ತುತ್ತದೆ. ಅದರ ಫಲವನ್ನು ಉಣ್ಣಬೇಕಾದವರು ಗಿರಿಯನ್ನು ಎಂದೂ ಕಾಣದ, ದೂರದ ಬಯಲಿನ ರೈತರು. ಆದುದರಿಂದ ಗಿರಿಯನ್ನೇರುವವರು ಅದನ್ನು ಕಾಯುವವರೂ ಆಗಬೇಕು.