ತಿದ್ದಲು ಬಿಟ್ಟ ಚಿಪ್ಪುಗಳು

ಚಿಪ್ಪಿನ ಬೆನ್ನ ಮೇಲೊಂದು ಪುಟ್ಟ ಗಾಜಿನ ಕಿಟಕಿ. ಎಂಬತ್ತರ ದಶಕದಲ್ಲಿ ಮೈಕ್ರೋಕಂಟ್ರೋಲರ್ ಎಂಬ ಒಂಟಿ ಚಿಪ್ಪಿನ ಕಂಪ್ಯೂಟರ್‌ಗೆ ಬರೆದ ಪ್ರೋಗ್ರಾಂನಲ್ಲಿ ಒಂದೇ ಒಂದು ಸಾಲು ತಪ್ಪಿದ್ದರೂ ಚಿಪ್ಪನ್ನು ಬೋರ್ಡಿನಿಂದ ಕಿತ್ತು, ಕಿಟಕಿಯ ಸ್ಟಿಕ್ಕರ್ ಬಿಡಿಸಿ, ನೇರಳಾತೀತ ದೀಪದಡಿ ಹದಿನೈದಿಪ್ಪತ್ತು ನಿಮಿಷ ಇಡಬೇಕಿತ್ತು. ಆಮೇಲೆ ಮತ್ತೆ ಬರೆಯುವುದು, ಮತ್ತೆ ಕೂರಿಸುವುದು. ಕಿಟಕಿಯ ಚಿಪ್ ದುಬಾರಿ. ಕಿಟಕಿಯಿಲ್ಲದ ಅಗ್ಗದ್ದಕ್ಕೆ ಒಮ್ಮೆ ಬರೆದರೆ ಮುಗಿಯಿತು.

ಎರಡು ಮೈಕ್ರೋಕಂಟ್ರೋಲರ್ ಕುಲಗಳ ನಡುವೆ ‘ಪಿಕ್ಕೋ, ಎವಿಆರೋ’ ಎಂಬ ಹವ್ಯಾಸಿಗಳ ಹಳೆಯ ಜಗಳ ಹುಟ್ಟಿದ್ದು ಈ ಪಾಡಿನಿಂದಲೇ. ಪಿಕ್ ಎಪ್ಪತ್ತರ ದಶಕದ ಕೂಸು. ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿ ತನ್ನ ಸಿಪಿ1600 ಪ್ರೊಸೆಸರ್‌ಗೆ ಕೈಯಾಳಾಗಿ ಅದನ್ನು ಮಾಡಿತ್ತು. ಯಜಮಾನ ಮರೆಯಾದ, ಆಳು ಉಳಿದ. ಅದನ್ನು ಮುಂದುವರಿಸಿದ ಮೈಕ್ರೋಚಿಪ್ ಕಂಪನಿ 1993ರಲ್ಲಿ ಪಿಕ್16ಸಿ84 ತಂದಾಗ ಕಿಟಕಿಯ ಕಾಟ ತಪ್ಪಿತು: ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಿತ್ತು. ಹದಿನೆಂಟು ಕಾಲು, 1024 ಆದೇಶಗಳಿಗಷ್ಟೇ ಜಾಗ. ಅಷ್ಟರಲ್ಲೇ ಜನ ಅದನ್ನು ಅಪ್ಪಿಕೊಂಡರು. ಅದೇ ವರ್ಷ ಅಟ್ಮೆಲ್ ಕಂಪನಿ ಇಂಟೆಲ್‌ನ 8051 ಮೈಕ್ರೋಕಂಟ್ರೋಲರ್‌ಗೆ, ಹೀಗೆಯೇ ವಿದ್ಯುತ್ತಿನಿಂದ ಅಳಿಸಬಹುದಾದ ಫ್ಲ್ಯಾಶ್ ಮೆಮೊರಿ ಜೋಡಿಸಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ 8051 ಅಷ್ಟು ಕಾಲ ಬೇರೂರಿ ನಿಂತದ್ದರಲ್ಲಿ ಈ ಫ್ಲ್ಯಾಶ್ ಚಿಪ್ಪಿನ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ.

ಎವಿಆರ್‌ನ ಬೇರು ನಾರ್ವೆಯ ಟ್ರೋನ್‌ಹೈಮ್‌ನಲ್ಲಿದೆ. ಆಲ್ಫ್-ಎಗಿಲ್ ಬೋಗೆನ್, ವೇಗಾರ್ಡ್ ವೊಲ್ಲಾನ್ ಎಂಬಿಬ್ಬರು ವಿದ್ಯಾರ್ಥಿಗಳ ಕಲ್ಪನೆ ಅದು. ಅಟ್ಮೆಲ್ ಅದನ್ನು ಕೈಗೆತ್ತಿಕೊಂಡು 1997ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಆಗಿನ ಪಿಕ್‌ನಲ್ಲಿ ಬಹುತೇಕ ಲೆಕ್ಕಗಳು ಒಂದೇ ರಿಜಿಸ್ಟರ್ (ಲೆಕ್ಕದ ಸಂಖ್ಯೆ ಇಟ್ಟುಕೊಳ್ಳುವ ಚಿಪ್ಪಿನೊಳಗಿನ ಜಾಗ) ಮೂಲಕ ಹಾದುಹೋಗಬೇಕಿತ್ತು. ಎವಿಆರ್‌ನಲ್ಲಿ ಅಂಥವು ಮೂವತ್ತೆರಡು ಇದ್ದವು. ಚಿಪ್ ಇನ್ನೂ ವಿನ್ಯಾಸದಲ್ಲಿರುವಾಗಲೇ ಸಿ ಭಾಷೆಯ ಕಂಪೈಲರ್ ಬರೆಯುವವರ ಮಾತನ್ನೂ ಕೇಳಿ ತಿದ್ದಿದ್ದರು. ಮುಂದೆ ಉಚಿತ ಜಿಸಿಸಿ ಕಂಪೈಲರ್ ಇದಕ್ಕೂ ಸಿಕ್ಕಿತು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ!

ಇಟಲಿಯ ಇವ್ರೆಯಾದ ವಿನ್ಯಾಸ ಶಾಲೆಯಲ್ಲಿ ಎರ್ನಾಂಡೊ ಬರಗಾನ್ ತನ್ನ ಪ್ರಬಂಧಕ್ಕಾಗಿ ಕಟ್ಟಿದ ವೈರಿಂಗ್‌ ಬೋರ್ಡಿನಲ್ಲೂ, ಅದರ ಹಾದಿ ಹಿಡಿದು 2005ರಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡಿನಲ್ಲೂ ಇದ್ದದ್ದು ಎವಿಆರ್. ಚಿಪ್ಪಿನೊಳಗೇ ಕೂತ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಂ ಹೊಸ ಕೋಡನ್ನು ಕಂಪ್ಯೂಟರ್‌ನಿಂದ ಪಡೆದು ತಾನೇ ಬರೆದುಕೊಳ್ಳುತ್ತದೆ. ಪ್ರೋಗ್ರಾಮರ್ ಎಂಬ ಬೇರೆ ಸಾಧನ ಕೊಳ್ಳಬೇಕಿಲ್ಲ, ಚಿಪ್ ಕೀಳಬೇಕಿಲ್ಲ. ಎಲ್‌ಇಡಿ ಮಿನುಗುವ ವೇಗ ಬದಲಿಸಿ, ಬಟನ್ ಒತ್ತಿ, ಕೆಲವೇ ಸೆಕೆಂಡುಗಳಲ್ಲಿ ಫಲ ಕಂಡ ಮಗು ಮತ್ತೆ ಬದಲಿಸುತ್ತದೆ. ಕಲಿಕೆ ಅಲ್ಲಿಂದಲೇ ಶುರು.

2016ರಲ್ಲಿ ಮೈಕ್ರೋಚಿಪ್ ಅಟ್ಮೆಲನ್ನೇ ಕೊಂಡುಕೊಂಡಿತು. ಜಗಳವಾಡಿದ ಎರಡೂ ಕುಲಗಳು ಈಗ ಒಂದೇ ಮನೆಯಲ್ಲಿವೆ. ಅಷ್ಟರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್, ಆರ್ಡುಯಿನೊಗೆ ವೈ-ಫೈ ಒದಗಿಸುವ ಅಗ್ಗದ ಜೋಡಣೆಯಾಗಿ 2014ರಲ್ಲಿ ಬಂದಿತ್ತು. ಮರುವರ್ಷವೇ ಆರ್ಡುಯಿನೊ ಕೋಡು ನೇರವಾಗಿ ಅದರಲ್ಲೇ ಓಡತೊಡಗಿತು. ಈಗ ಹೊಸಬರು ಕೇಳಿದರೆ, ಇಂಟರ್ನೆಟ್ ಬೇಕಿದ್ದಲ್ಲಿ ಅದರ ತಮ್ಮ ಇಎಸ್‌ಪಿ32 ಎನ್ನುತ್ತೇನೆ. ಬಟನ್ ಸೆಲ್ಲಿನ ಮೇಲೆ ತಿಂಗಳುಗಟ್ಟಲೆ ಬದುಕಬೇಕಾದ ಸಣ್ಣ ಸೆನ್ಸರ್‌ಗೆ ಇಂದಿಗೂ ಪುಟ್ಟ ಎವಿಆರ್ ಸಾಕು.