ಓಟದ ಕೈಗೆ ಒಪ್ಪುವ ವಾಚು

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೆಳಕು ಹರಿಯುವ ಮೊದಲೇ ಶಾಲೆಯ ಮೈದಾನಕ್ಕೋ ಊರಾಚೆಯ ರಸ್ತೆಗೋ ಇಳಿಯುವ ಹುಡುಗ ಹುಡುಗಿಯರಿಗೆ ಒಂದೊಂದು ಸೆಕೆಂಡೂ ನೌಕರಿಯ ಲೆಕ್ಕ. ಅವರ ಕೈಗೆ ಎಂಥ ವಾಚು ಬೇಕು ಎಂಬುದೇ ಈ ಅಧ್ಯಾಯದ ವಿಷಯ. ಬೆಲೆ, ಹೆಸರು, ಹೊಳಪು ಆಮೇಲಿನ ಮಾತು. ವಾಚಿನಿಂದ ಯಾವ ಕೆಲಸ ಆಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಸುತ್ತಿನ ಲೆಕ್ಕ

ಓಟದ ಅಭ್ಯಾಸಕ್ಕೆ ಮುಖ್ಯವಾದದ್ದು ಸ್ಟಾಪ್‌ವಾಚ್, ಅದರಲ್ಲೂ ಪ್ರತಿ ಸುತ್ತಿನ ಸಮಯವನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳುವ 'ಲ್ಯಾಪ್' ಸೌಲಭ್ಯ. ಮೈದಾನದ ಒಂದು ಸುತ್ತು 200 ಮೀಟರ್ ಎಂದುಕೊಳ್ಳಿ. 1600 ಮೀಟರಿಗೆ ಎಂಟು ಸುತ್ತು. ಆರೂವರೆ ನಿಮಿಷವೆಂದರೆ 390 ಸೆಕೆಂಡು. ಎಂಟರಿಂದ ಭಾಗಿಸಿದರೆ ಸುತ್ತಿಗೆ 48.75 ಸೆಕೆಂಡು. ಮೊದಲ ಸುತ್ತು 40 ಸೆಕೆಂಡಿಗೇ ಮುಗಿದರೆ ಹುಮ್ಮಸ್ಸಿನಲ್ಲಿ ದಮ್ಮು ಖರ್ಚಾಗಿದೆ ಎಂದರ್ಥ. ಆರನೆಯ ಸುತ್ತು 55 ದಾಟಿದರೆ ಎಲ್ಲಿ ಕೈಕೊಡುತ್ತಿದ್ದೇವೆ ಎಂಬುದು ಸ್ಪಷ್ಟ. ಕೊನೆಯ ಒಟ್ಟು ಸಮಯವನ್ನಷ್ಟೇ ನೋಡಿದವರಿಗೆ ಈ ಗುಟ್ಟು ತಿಳಿಯುವುದಿಲ್ಲ.

ಸಮಯವನ್ನು ಸರಿಯಾಗಿ ಅಳೆಯಲು ದುಬಾರಿ ಯಂತ್ರವೇನೂ ಬೇಡ. ಕಡಿಮೆ ಬೆಲೆಯ ಡಿಜಿಟಲ್ ವಾಚಿನೊಳಗೂ ಇರುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳೇ. 1989ರಲ್ಲಿ ಬಂದ ಕ್ಯಾಸಿಯೊ ಎಫ್-91ಡಬ್ಲ್ಯು ಸುಮಾರು 21 ಗ್ರಾಂ ತೂಗುತ್ತದೆ, ಒಂದು ಸೆಲ್ಲಿಗೆ ವರ್ಷಗಟ್ಟಲೆ ನಡೆಯುತ್ತದೆ. ತಿಂಗಳಿಗೆ ಅರ್ಧ ನಿಮಿಷದವರೆಗೆ ಹಿಂದುಮುಂದಾಗಬಹುದು. ಆದರೆ ಆರೇಳು ನಿಮಿಷದ ಓಟ ಅಳೆಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಬೇಕಾದದ್ದು ಓಡುತ್ತಲೇ ಓದಬಹುದಾದ ದೊಡ್ಡ ಅಂಕಿ, ಬೆವರಿದ ಬೆರಳಿಗೂ ಸಿಗುವ ಗುಂಡಿ, ಮುಂಜಾವಿನ ಕತ್ತಲಲ್ಲಿ ಕಾಣುವಷ್ಟು ಬೆಳಕು.

ತಂದೆಯ ಕೀಲಿ ವಾಚು

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳು ಕರ್ನಾಟಕದ ಹೆಮ್ಮೆ. ಎಷ್ಟೋ ಮನೆಗಳ ಕಪಾಟಿನಲ್ಲಿ ಅವು ಇಂದಿಗೂ ಇವೆ. ಅಂಥ ವಾಚನ್ನು ಕಟ್ಟಿಕೊಂಡು ಓಡಬೇಡಿ. ಒಳಗಿನ ಸಮತೋಲನ ಚಕ್ರ, ಕೂದಲೆಳೆಯಂಥ ಸ್ಪ್ರಿಂಗ್ ಬಹಳ ಸೂಕ್ಷ್ಮ. ಪೆಟ್ಟು ಬಿದ್ದರೆ ನಡೆ ಕೆಡುತ್ತದೆ. ಮದುವೆ ಮುಂಜಿಗೆ ಅದೇ ಚೆಂದ. ಪೆಟ್ಟು ತಾಳಬೇಕೆಂದೇ ರೂಪುಗೊಂಡ ವಾಚುಗಳ ದಾರಿ ತೆರೆದವರು ಜಪಾನಿನ ಎಂಜಿನಿಯರ್ ಕಿಕುವೊ ಇಬೆ. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯದಿರಬೇಕು ಎಂಬ ಗುರಿಯಿಟ್ಟುಕೊಂಡು ಅವರ ತಂಡ ದುಡಿಯಿತು; 1983ರಲ್ಲಿ ಜಿ-ಶಾಕ್ ಮಾರುಕಟ್ಟೆಗೆ ಬಂತು.

ನೀರಿನ ಅಂಕಿ ಓದುವ ಬಗೆ

ವಾಚಿನ ಬೆನ್ನ ಮೇಲೆ '30 ಮೀಟರ್' ಎಂದಿದ್ದರೆ ಅದನ್ನು ಕಟ್ಟಿಕೊಂಡು ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದು ಎಂದು ತಿಳಿಯಬಾರದು. ಅದು ಪ್ರಯೋಗಾಲಯದಲ್ಲಿ ಅಲುಗದೆ ನಿಂತ ವಾಚು ತಾಳಿಕೊಂಡ ಒತ್ತಡದ ಗುರುತು. ಬಳಕೆಯಲ್ಲಿ 30 ಮೀಟರ್ ಎಂದರೆ ಮಳೆ ಹನಿ, ಕೈ ತೊಳೆಯುವ ನೀರು, ಬೆವರು. ಸಾಧಾರಣ ಈಜಿಗೆ 50 ಮೀಟರಿನದು ಸಾಕಾಗಬಹುದು. ಭೀಮಾ ನದಿಯಲ್ಲಿ ಈಜುವವರು, ಗಾಣಗಾಪುರದ ಭೀಮಾ–ಅಮರ್ಜಾ ಸಂಗಮದಲ್ಲಿ ವಾಚು ಬಿಚ್ಚದೆ ಮುಳುಗು ಹಾಕುವವರು 100 ಮೀಟರಿನದನ್ನು ಕೊಳ್ಳುವುದು ಲೇಸು. ಅದಾದರೂ ನೀರಿನೊಳಗೆ ಗುಂಡಿ ಒತ್ತಬಾರದು.

ನೀರನ್ನು ತಡೆಯುವುದು ಹಿಂಬದಿಯ ಮುಚ್ಚಳದಡಿ ಕೂತ ತೆಳ್ಳನೆಯ ರಬ್ಬರ್ ರಿಂಗು. ಬಿಸಿನೀರು, ಸೋಪು, ವಯಸ್ಸು ಅದನ್ನು ಸಡಿಲ ಮಾಡುತ್ತವೆ. ಸೆಲ್ ಬದಲಿಸಲು ಮುಚ್ಚಳ ತೆಗೆದಾಗ ರಿಂಗು ತಿರುಚಿಕೊಂಡು ಕೂತರೆ 100 ಮೀಟರ್ ಎಂಬ ಬರಹ ಬರೀ ಬರಹವಾಗಿಯೇ ಉಳಿಯುತ್ತದೆ. ಆದ್ದರಿಂದ ರಿಪೇರಿಯವರ ಮುಂದೆಯೇ ನಿಂತು, ರಿಂಗನ್ನು ನೋಡಿ, ಬಿರಿದಿದ್ದರೆ ಬದಲಿಸಲು ಹೇಳಿ.

ಬಿಸಿಲು, ಬೆವರು, ಎರೆಮಣ್ಣು

ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಕೈಮೇಲಿದ್ದಾಗ ಮೈಯ ತಂಪು ವಾಚನ್ನು ಕಾಯುತ್ತದೆ. ಬಿಚ್ಚಿ ಬೈಕಿನ ಟ್ಯಾಂಕಿನ ಮೇಲಿಟ್ಟರೆ ಡಿಜಿಟಲ್ ಪರದೆ ಕಪ್ಪಾಗಬಹುದು, ಸೆಲ್ಲಿನ ಆಯುಷ್ಯವೂ ಕುಗ್ಗುತ್ತದೆ. ಚರ್ಮದ ಬೆಲ್ಟು ಬೆವರು ಹೀರಿ ನಾರುತ್ತದೆ, ಬಿರಿಯುತ್ತದೆ. ರಬ್ಬರ್, ಸಿಲಿಕೋನ್ ಅಥವಾ ನೈಲಾನ್ ಬೆಲ್ಟು ಮೇಲು. ಬೆವರಿನ ಉಪ್ಪು, ಎರೆಹೊಲದ ಧೂಳು ಸೇರಿ ಗುಂಡಿಯ ಸಂದಿಯಲ್ಲಿ ಗಟ್ಟಿಯಾಗುತ್ತವೆ. ಓಟ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಕಬಡ್ಡಿ ಅಂಕಣಕ್ಕಿಳಿಯುವಾಗ ಯಾವ ವಾಚೂ ಬೇಡ. ಹಿಡಿತದಲ್ಲಿ ಅದರ ಅಂಚು ಎದುರಾಳಿಯ ಚರ್ಮ ಸೀಳುತ್ತದೆ, ನಿಮ್ಮ ಮಣಿಕಟ್ಟಿಗೂ ಅಪಾಯ.

ಸ್ಮಾರ್ಟ್‌ವಾಚ್ ಬೇಕೆ?

ಸ್ಮಾರ್ಟ್‌ವಾಚು ಹಸಿರು ಬೆಳಕನ್ನು ಚರ್ಮದೊಳಕ್ಕೆ ಬಿಟ್ಟು, ರಕ್ತದ ಏರಿಳಿತದಿಂದ ನಾಡಿಬಡಿತ ಎಣಿಸುತ್ತದೆ. ಬೆಲ್ಟು ಸಡಿಲವಿದ್ದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ, ಚರ್ಮಕ್ಕೆ ತಾಗುವಂತೆ ಕಟ್ಟಬೇಕು. ಉದ್ದನೆಯ ರಸ್ತೆ ಓಟಕ್ಕೆ ಜಿಪಿಎಸ್ ಒಳ್ಳೆಯ ಜೊತೆಗಾರ. ಚಿಕ್ಕ ಮೈದಾನದ ತಿರುವುಗಳಲ್ಲಿ ಅದರ ಗುರುತುಗಳು ಕೆಲವು ಮೀಟರ್ ಅತ್ತಿತ್ತ ಸರಿಯುವುದರಿಂದ ದೂರದ ಲೆಕ್ಕವನ್ನು ನಂಬುವಂತಿಲ್ಲ. ಅಲ್ಲಿ ಟೇಪು ಹಿಡಿದು ಮೈದಾನ ಅಳೆದು, ಸುಣ್ಣದ ಗೆರೆ ಹಾಕಿ ಓಡುವುದೇ ಸರಿ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ವಾಚನ್ನು ಕಟ್ಟಿಕೊಂಡು ಕೈ ಬೀಸಿ ನೋಡಿ, ಜಾರಬಾರದು, ಚುಚ್ಚಬಾರದು. ಗುಂಡಿಗಳನ್ನು ನೋಡದೆಯೇ ಒತ್ತಿ ಸ್ಟಾಪ್‌ವಾಚ್ ಓಡಿಸಿ, ಎರಡು ಮೂರು ಲ್ಯಾಪ್ ದಾಖಲಿಸಿ, ಮತ್ತೆ ತೆರೆದು ಓದಿ. ಹೊರಗೆ ಬಿಸಿಲಿಗೆ ಹಿಡಿದು ಅಂಕಿ ಕಾಣುತ್ತದೆಯೇ ಪರೀಕ್ಷಿಸಿ. ವಾರಂಟಿ ಕಾರ್ಡಿಗೆ ಮುದ್ರೆ ಹಾಕಿಸಿ, ಬಿಲ್ಲು ಪಡೆಯಿರಿ; ಸೆಲ್, ಬೆಲ್ಟು ನಿಮ್ಮ ತಾಲ್ಲೂಕಿನಲ್ಲೋ ಕಲಬುರಗಿಯಲ್ಲೋ ಸಿಗುತ್ತವೆಯೇ ಕೇಳಿ. ಲ್ಯಾಪ್ ಇರುವ, 50 ಅಥವಾ 100 ಮೀಟರಿನ, ಹಗುರವಾದ ಡಿಜಿಟಲ್ ವಾಚು ಸಿಕ್ಕರೆ ಭರ್ತಿಗೆ ತಯಾರಾಗುವವರಿಗೆ ಅಷ್ಟು ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಬೂಟು ಕೊಳ್ಳಿ. ಮೊಣಕಾಲು ಉಳಿಸುವುದು ಅದೇ.